ಹಬ್ಬದ ಪಂಕ್ತಿಯಲ್ಲಿ ಯಾರಿಗೆ ಜಾಗ?

2022ರ ಮೇ 3ರಂದು ಎರಡು ಹಬ್ಬಗಳು ಒಂದೇ ದಿನ ಬಂದಿದ್ದವು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ಒಂದು ಓಣಿಯಲ್ಲಿ ಈದುಲ್ ಫಿತ್ರ್‌ನ ಸುರಕುಂಬಾ ಕುದಿಯುತ್ತಿದ್ದರೆ, ಪಕ್ಕದ ಓಣಿಯಲ್ಲಿ ಬಸವ ಜಯಂತಿಯ ಹೋಳಿಗೆ ಬೇಯುತ್ತಿತ್ತು. ಮರುವರ್ಷವೂ ಅಂತರ ಒಂದೇ ದಿನದ್ದು: 2023ರ ಏಪ್ರಿಲ್ 22ರಂದು ಈದ್, 23ರಂದು ಬಸವ ಜಯಂತಿ. ಹಿಜರಿ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಬಸವ ಜಯಂತಿಯ ಪಂಚಾಂಗವಾದರೋ ಅಧಿಕ ಮಾಸದ ಮೂಲಕ ಋತುವಿಗೆ ಹೊಂದಿಕೊಳ್ಳುತ್ತದೆ. ಆದುದರಿಂದ ಈ ಎರಡು ಹಬ್ಬಗಳು ಹೀಗೆ ಜೊತೆಯಾಗುವುದು ಒಂದು ತಲೆಮಾರಿಗೊಮ್ಮೆ ಮಾತ್ರ.

ಆದರೆ ಆ ಬೇಸಿಗೆ ಎಂತಹ ಬೇಸಿಗೆಯಾಗಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ. ಹಿಜಾಬ್ ವಿವಾದದ ಕಾವು ಆರಿರಲಿಲ್ಲ. ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಕರಾವಳಿಯಲ್ಲಿ ಎದ್ದು ನಿಂತಿದ್ದವು. ರಮಝಾನ್ ತಿಂಗಳ ನಡುವೆಯೇ, ಏಪ್ರಿಲ್ 9ರಂದು, ಧಾರವಾಡ ಸಮೀಪದ ನುಗ್ಗಿಕೇರಿಯ ಹನುಮಂತ ದೇವಸ್ಥಾನದ ಬಳಿ ಬಡ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆಸೆದು ಒಡೆಯಲಾಯಿತು. ಬಿಸಿಲಲ್ಲಿ ದಣಿದು ಬಂದವರ ಬಾಯಾರಿಕೆ ತಣಿಸುವ ಹಣ್ಣಿಗೂ ಧರ್ಮವನ್ನು ಅಂಟಿಸಲಾಯಿತು. ಯಾರ ಕೈಯಿಂದ ಏನನ್ನು ಕೊಳ್ಳಬೇಕು, ಯಾರ ಮನೆಯಲ್ಲಿ ಏನನ್ನು ಉಣ್ಣಬೇಕು ಎಂಬುದನ್ನು ರಾಜಕೀಯವು ನಿರ್ಧರಿಸಲು ಹೊರಟಾಗ, ಒಂದು ಸಾಮಾನ್ಯ ಮನೆಯ ಹಬ್ಬದೂಟವೂ ಸಾರ್ವಜನಿಕ ಮಹತ್ವದ ವಿಷಯವಾಗಿಬಿಡುತ್ತದೆ.

ಇಂತಹ ಸಂದರ್ಭದಲ್ಲಿ ನಮ್ಮವರಿಗೆ ಥಟ್ಟನೆ ನೆನಪಾಗುವುದು ವೇದಿಕೆ. ಸೌಹಾರ್ದ ಕೂಟ, ಫ್ಲೆಕ್ಸು, ಹಾರ ತುರಾಯಿ, ಮುಂದಿನ ಸಾಲಿನಲ್ಲಿ ಶಾಸಕರು, ಮಾಜಿ ಶಾಸಕರು. ಇವು ವ್ಯರ್ಥವೆಂದು ನಾವು ಹೇಳುವುದಿಲ್ಲ. ಆದರೆ ಹೆಚ್ಚಿನವು ಛಾಯಾಚಿತ್ರದೊಂದಿಗೆ ಮುಗಿದುಹೋಗುತ್ತವೆ. ಮನೆಯೊಳಗೆ ಚಾಪೆ ಹಾಸಿ, ಎದುರು ಕುಳಿತು, ಇನ್ನೊಂದು ತುತ್ತಿಗೆ ಒತ್ತಾಯಿಸುವಾಗ ಹುಟ್ಟುವ ಸಲುಗೆ ವೇದಿಕೆಯ ಮೇಲೆ ಹುಟ್ಟುವುದಿಲ್ಲ. ಒಬ್ಬರ ಮನೆಯಲ್ಲಿ ಉಂಡವನು ಅವರ ಕುರಿತು ಹರಡುವ ಸುಳ್ಳನ್ನು ಅಷ್ಟು ಸುಲಭವಾಗಿ ನಂಬಲಾರ.

ಹಾಗಾದರೆ ನಮ್ಮ ಮನೆಗಳ ಹಬ್ಬದೂಟ ಹೇಗಿದೆ? ಇಲ್ಲಿ ಆತ್ಮಾವಲೋಕನ ಅನಿವಾರ್ಯ. ಹತ್ತು ಜನರನ್ನು ಕರೆಯಬೇಕಾದಲ್ಲಿ ನೂರು ಜನ, ಎರಡು ಬಗೆಯ ಅಡುಗೆ ಸಾಕಾದಲ್ಲಿ ಹತ್ತು ಬಗೆ, ಅಂಗಳಕ್ಕೆ ಶಾಮಿಯಾನ, ಅದಕ್ಕಾಗಿ ಕೈಗಡ. ಉಳ್ಳವರಿಗೆ ಒಳಕೋಣೆಯ ಫ್ಯಾನಿನ ಕೆಳಗೆ ಉಪಚಾರ. ಗೋವೆಯಲ್ಲೋ ಮಹಾರಾಷ್ಟ್ರದಲ್ಲೋ ಕೂಲಿ ಮಾಡಿ ಹಬ್ಬಕ್ಕೆಂದು ಊರಿಗೆ ಬಂದ ಬಡ ಸಂಬಂಧಿಕನಿಗೆ ಕೊನೆಯ ಸರದಿ. ಪಂಕ್ತಿಭೇದವೆಂಬ ಪಿಡುಗನ್ನು ನಾವು ಭಾಷಣಗಳಲ್ಲಿ ಖಂಡಿಸುತ್ತೇವೆ. ವಿಪರ್ಯಾಸವೆಂದರೆ ಅದೇ ಪಿಡುಗು ನಮ್ಮ ದಸ್ತರಖಾನ್‌ನ ಮೇಲೂ ಬಂದು ಕುಳಿತಿದೆ. ಈದ್ ನಮಾಝಿಗೆ ಮುನ್ನವೇ ಫಿತ್ರ್ ಝಕಾತನ್ನು ತಲುಪಿಸಬೇಕೆಂಬ ನಿಯಮದ ಆಶಯವಾದರೂ ಏನು? ಆ ದಿನ ಯಾರೂ ಹಸಿದಿರಬಾರದೆಂಬುದಲ್ಲವೇ? ಸಾರಿಗೆ ತುಸು ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ಪಾಲು ಕೊಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳ ಮನೆಯಲ್ಲಿ ಆಡಂಬರಕ್ಕೆ ಜಾಗವಿದ್ದು ನೆರೆಯವರಿಗಿಲ್ಲವೆಂದರೆ ಅದನ್ನು ಏನೆಂದು ಕರೆಯೋಣ?

ಈ ಪಾಠ ನಮ್ಮ ನೆಲಕ್ಕೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಊರು ಬಸವನ ಬಾಗೇವಾಡಿ. ಕಾಯಕದಿಂದ ಬಂದುದನ್ನು ದಾಸೋಹವಾಗಿ ಹಂಚಬೇಕು, ಹಂಚುವಾಗ ಕುಲ ಕೇಳಬಾರದು ಎಂಬುದು ಶರಣರ ನಿಲುವಾಗಿತ್ತು. ಆ ಊರಿನ ನೆರೆಹೊರೆಯಲ್ಲಿ ಬಾಳುವ ಮುಸ್ಲಿಮರು ತಮ್ಮ ಧರ್ಮದ ಬೋಧನೆಯನ್ನು ಪಾಲಿಸಿದರೆ ಸಾಕು, ದಾಸೋಹದ ಅರ್ಥ ನೆರೆಯವರಿಗೆ ವಿವರಿಸದೆಯೇ ತಿಳಿಯುತ್ತದೆ.

ಇನ್ನು ಬೇಸಿಗೆಯ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮಳೆ ಕೈಕೊಟ್ಟ ವರ್ಷ ಇಂಡಿಯ ಕಡೆಯ ಹಳ್ಳಿಗಳು ಟ್ಯಾಂಕರಿನ ದಾರಿ ಕಾಯುತ್ತವೆ. ಅಂತಹ ದಿನಗಳಲ್ಲಿ ನಡುಮಧ್ಯಾಹ್ನ ಜನರನ್ನು ಕರೆಯುವುದು ಉಪಚಾರವಲ್ಲ, ಶಿಕ್ಷೆ. ಬೆಳಗಿನ ಹೊತ್ತೋ, ಹೊತ್ತು ಮುಳುಗಿದ ಮೇಲೋ ಕರೆಯೋಣ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ಲಿಂಬೆ ಕೈಗೆಟಕುವಲ್ಲಿಯೇ ಇರುವಾಗ ಬಾಟಲಿಯ ಬಣ್ಣದ ನೀರೇಕೆ? ಹರವಿಯ ತಣ್ಣೀರು, ಲಿಂಬೆ ಶರಬತ್ತು, ಮಜ್ಜಿಗೆ, ಮಾವಿನ ಸೀಕರಣೆ ಯಾವ ಅತಿಥಿಗೂ ಕಡಿಮೆಯಲ್ಲ. ಸೆಕೆಯಲ್ಲಿ ಹಾಲಿನ ಮತ್ತು ಮಾಂಸದ ಪದಾರ್ಥ ಬೇಗ ಕೆಡುವುದರಿಂದ ಬೇಕಾದಷ್ಟನ್ನೇ ಮಾಡುವುದು ಮಿತವ್ಯಯವೂ ಹೌದು, ಆರೋಗ್ಯವೂ ಹೌದು. ಒಲೆಯ ಮುಂದೆ ಬೇಯುವ ಹೆಣ್ಣುಮಕ್ಕಳನ್ನು ಮರೆತು ಆತಿಥ್ಯದ ಹೆಸರು ಗಳಿಸುವ ಗಂಡಸರು ಅಂದಾದರೂ ನೀರು ಹೊರಲಿ, ಪಾತ್ರೆ ತೊಳೆಯಲಿ.

ಸಸ್ಯಾಹಾರಿ ನೆರೆಯವರಿಗೆ ಬೇರೆ ಪಾತ್ರೆಯಲ್ಲಿ ಮೊದಲೇ ಅಡುಗೆ ಮಾಡಿ, ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಊಟ ಮಾಡಲು ಹಿಂಜರಿದರೆ ಹಣ್ಣು, ಖರ್ಜೂರ ಸಾಕು, ಮುನಿಸು ಬೇಡ. ಹಾಗೆಯೇ ಅವರು ಕರೆದಾಗ ನಾವೂ ಹೋಗಬೇಕು. ನಮ್ಮ ಮನೆಗೆ ಅವರು ಬರಲೆಂದು ಬಯಸಿ, ಅವರ ಮನೆಯ ಹೋಳಿಗೆಗೆ ನೆಪ ಹೇಳುವುದು ಎಲ್ಲಿಯ ನ್ಯಾಯ? ಆರಾಧನೆಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟವಾಗಿರಲಿ, ಅವರ ನಿಲುವೂ ಅವರದಾಗಿರಲಿ. ನೆರೆಮನೆಯ ಜಗಲಿಯಲ್ಲಿ ಕುಳಿತು ಉಣ್ಣುವುದರಿಂದ ಯಾರ ವಿಶ್ವಾಸವೂ ಸಡಿಲಗೊಳ್ಳದು.

ಈದುಲ್ ಫಿತ್ರ್ ಈಗ ಬಸವ ಜಯಂತಿಯಿಂದ ಹಿಂದೆ ಸರಿದಿದೆ. ಆದರೆ ಬಕ್ರೀದ್ ಬೇಸಿಗೆಯೊಳಗೆ ಕಾಲಿಟ್ಟಿದೆ. 2027ರಲ್ಲಿ ಅದು ಬಸವ ಜಯಂತಿಯ ಒಂದು ವಾರದ ಆಸುಪಾಸಿನಲ್ಲಿಯೇ ಬರಲಿದೆ. ಇದು ಹೆಚ್ಚಿನ ಹೊಣೆಯನ್ನು ಬೇಡುವ ಹಬ್ಬ. ಕಾನೂನಿನ ಪಾಲನೆ, ತ್ಯಾಜ್ಯದ ವಿಲೇವಾರಿ, ಬೀದಿಯ ಸ್ವಚ್ಛತೆ, ಬಲಿಯ ದೃಶ್ಯಗಳನ್ನು ಮೊಬೈಲಿನಲ್ಲಿ ಹಂಚದಿರುವ ವಿವೇಕ, ಇವೆಲ್ಲವೂ ಅತಿಥಿ ಸತ್ಕಾರದ ಭಾಗವೇ ಆಗಿವೆ. ನಮ್ಮ ಓಣಿಯ ದುರ್ವಾಸನೆ ಸಹಿಸಿದವರನ್ನು ಸಂಜೆ ಶರಬತ್ತಿಗೆ ಕರೆದರೆ ಅವರಾದರೂ ಹೇಗೆ ಬಂದಾರು?

ಬಹಿಷ್ಕಾರದ ಕರೆಗಳಿಗೆ ನ್ಯಾಯಾಲಯದಲ್ಲಿ, ಶಾಸನಸಭೆಯಲ್ಲಿ, ಪತ್ರಿಕೆಗಳಲ್ಲಿ ಉತ್ತರ ಕೊಡಬೇಕಾದುದು ಕೊಡಲೇಬೇಕು. ಒಂದು ಶರಬತ್ತಿನ ಲೋಟ ಅನ್ಯಾಯವನ್ನು ಅಳಿಸಲಾರದು. ಕಲ್ಲಂಗಡಿ ಒಡೆದವರನ್ನು ಅದು ಶಿಕ್ಷಿಸಲಾರದು. ಆದರೆ ಕಾನೂನು ನೆರೆಯವರನ್ನು ನಮ್ಮ ಮನೆಗೆ ಕರೆತರಲಾರದು. ಅದು ನಮ್ಮದೇ ಕೆಲಸ. ಮುಂದಿನ ಹಬ್ಬಕ್ಕೆ ಅಡುಗೆಯ ಪಟ್ಟಿ ಬರೆಯುವ ಮುನ್ನ ಪ್ರತಿಯೊಂದು ಮನೆಯೂ ಇನ್ನೊಂದು ಪಟ್ಟಿಯನ್ನು ಬರೆಯಲಿ: ನಮ್ಮ ಓಣಿಯಲ್ಲಿ ಇದುವರೆಗೆ ನಮ್ಮ ಹೊಸ್ತಿಲು ದಾಟದ ಮನೆಯವರು ಯಾರು, ಅವರನ್ನು ನಾವು ಒಮ್ಮೆಯಾದರೂ ಕರೆದದ್ದುಂಟೇ?