ಸಮಾಧಾನ ಹೇಳುವವರಿಗೆ ಸಮಾಧಾನ ಯಾರು ಹೇಳಬೇಕು?

2025ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಆರಿಸಿದ ವಿಷಯ ವಿಪತ್ತು ಮತ್ತು ತುರ್ತು ಪರಿಸ್ಥಿತಿಯಲ್ಲಿ ಜನರಿಗೆ ಮಾನಸಿಕ ಆರೋಗ್ಯ ಸೇವೆ ಸಿಗಬೇಕು ಅನ್ನುವುದು. ಅಕ್ಟೋಬರ್ 10ಕ್ಕೆ ಆ ಬ್ಯಾನರ್ ಕಟ್ಟುವ ಹೊತ್ತಿಗೆ ಬೀದರ್ ಜಿಲ್ಲೆಯ ಹೊಲಗಳಲ್ಲಿ ಆಗಸ್ಟ್, ಸೆಪ್ಟೆಂಬರ್‌ನ ಮಳೆ ನೀರು ನಿಂತು ಹೆಸರು, ಉದ್ದು, ಸೋಯಾ ಬೆಳೆ ಹಾಳಾಗಿತ್ತು. ಬೆಳೆ ಹೋದ ರೈತನಿಗೆ ಪರಿಹಾರ ಎಷ್ಟು ಎಂಬ ಲೆಕ್ಕ ನಡೆಯಿತು. ಅವನ ಮನಸ್ಸಿಗೆ ಧೈರ್ಯ ತುಂಬಲು ಯಾರನ್ನು ಕಳಿಸುತ್ತೀರಿ, ಹಾಗೆ ಹೋದವರು ರಾತ್ರಿ ಮನೆಗೆ ಬಂದು ಏನು ಮಾಡಬೇಕು ಎಂಬ ಲೆಕ್ಕ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಅಂದರೆ ನಮ್ಮ ಕರಾವಳಿಯವರಿಗೆ ದೂರದ ಊರು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿ ಓಡಿಸಿದ ನಮ್ಮವರಿಗೆ ಹುಮನಾಬಾದ್ ಗೊತ್ತುಂಟು, ಅಷ್ಟೆ. ಆದರೆ ಕೊರೋನಾ ಕಾಲದಲ್ಲಿ ಮನಸ್ಸಿನ ವೈದ್ಯರು, ಕೌನ್ಸೆಲರ್‌ಗಳು, ಆಶಾ ಕಾರ್ಯಕರ್ತೆಯರು ಎಂತಹ ಒತ್ತಡ ಹೊತ್ತರು ಎಂದು ತಿಳಿಯಬೇಕಾದರೆ ಬೆಂಗಳೂರಿಗಿಂತ ಈ ಗಡಿ ತಾಲೂಕುಗಳನ್ನೇ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಯಾಕೆಂದರೆ ಅಲ್ಲಿ ಸಂಕಟ ಒಂದೇ ಸಲ ಬಂದು ಹೋಗಲಿಲ್ಲ. ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್ 10ರಂದು ಪಕ್ಕದ ಕಲಬುರಗಿಯ ವೃದ್ಧರೊಬ್ಬರದ್ದು. ಏಪ್ರಿಲ್ ಆರಂಭದಲ್ಲಿ ಬೀದರ್ ಜಿಲ್ಲೆಯಲ್ಲಿ ಕಂಡ ಮೊದಲ ಪ್ರಕರಣಗಳು ದೆಹಲಿಯ ನಿಝಾಮುದ್ದೀನ್‌ಗೆ ಹೋಗಿ ಬಂದವರದ್ದು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಕೂಲಿಯವರು ಗುಂಪು ಗುಂಪಾಗಿ ಮರಳಿದರು, ಶಾಲೆಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಸೆಪ್ಟೆಂಬರ್ 24ರಂದು ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರೇ ಕೊರೋನಾಕ್ಕೆ ಬಲಿಯಾದರು. ಅವರ ಸಾವಿನಿಂದ ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ಕ್ಕೆ, ಅಂದರೆ ಎರಡನೇ ಅಲೆ ಏರುತ್ತಿದ್ದ ಹೊತ್ತಿಗೆ. ರೋಗದಿಂದ ತೀರಿಕೊಂಡವರ ಜಾಗ ತುಂಬಲು ಅದೇ ರೋಗದ ನಡುವೆ ಪ್ರಚಾರ ಸಭೆ! ಇದರ ಮೇಲೆ ನಾವು ಬೇರೆ ಟೀಕೆ ಬರೆಯಬೇಕಾಗಿಲ್ಲ.

ಇಷ್ಟೆಲ್ಲ ನಡೆಯುವಾಗ ಮನಸ್ಸು ಕೆಟ್ಟವರನ್ನು ನೋಡಿಕೊಳ್ಳಲು ಎಷ್ಟು ಜನ ಇದ್ದರು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದು ಉಂಟು. ಅದರ ಮಾದರಿ ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನು ಕೇಂದ್ರ ಸರಕಾರ 1996ರಲ್ಲಿ ದೇಶಕ್ಕೆ ತಂದಿತು. ಜಿಲ್ಲೆಗೆ ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಸಮಾಜ ಕಾರ್ಯಕರ್ತ, ನರ್ಸ್, ಹೀಗೆ ಒಂದು ಸಣ್ಣ ತಂಡ. 2011ರ ಜನಗಣತಿಯಲ್ಲೇ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ ದಾಟಿತ್ತು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಗೊತ್ತುಪಡಿಸಿದ ದಿನ ಮಾತ್ರ. ಉಳಿದ ದಿನಗಳಲ್ಲಿ ಭಾರ ಬೀಳುವುದು ಸಾಮಾನ್ಯ ವೈದ್ಯರ ಮೇಲೆ, ನರ್ಸ್ ಮೇಲೆ, ಆಶಾ ಅಕ್ಕಂದಿರ ಮೇಲೆ.

ಲಾಕ್‌ಡೌನ್ ಆದ ಕೂಡಲೇ ಬಸ್ಸು ನಿಂತಿತು. ವರ್ಷಗಟ್ಟಲೆ ಮಾತ್ರೆ ನುಂಗುವವರಿಗೆ ಮಾತ್ರೆ ತರಲು ದಾರಿ ಇಲ್ಲ. ಮಾರ್ಚ್ ಕೊನೆಯಿಂದ ಮೇ 4ರ ತನಕ ಮದ್ಯದಂಗಡಿ ಮುಚ್ಚಿದ್ದರಿಂದ ಚಟವಿದ್ದವರಿಗೆ ನಡುಕ, ಭ್ರಮೆ. ರಾಜ್ಯದಲ್ಲಿ ಆತ್ಮಹತ್ಯೆಗಳೂ ವರದಿಯಾದವು. (ಅದು ನಮ್ಮ ಸಮಸ್ಯೆ ಅಲ್ಲ ಎಂದು ಯಾರೂ ಹೇಳಬೇಡಿ ಮಾರಾಯ್ರೆ, ನಮ್ಮ ಕೆಲವು ಮನೆಗಳಲ್ಲೂ ಆ ಗುಟ್ಟು ಉಂಟು.) ಅದೇ ಸಿಬ್ಬಂದಿ ಕ್ವಾರಂಟೈನ್‌ನಲ್ಲಿದ್ದವರಿಗೆ ಫೋನ್ ಮಾಡಿ ಧೈರ್ಯ ಹೇಳಬೇಕಿತ್ತು.

ಈಗ ಆ ಫೋನ್ ಮಾಡುವವರ ಜಾಗದಲ್ಲಿ ನಿಂತು ನೋಡುವ. ಕರೆ ಹೋಗುವುದು ಬಸವಕಲ್ಯಾಣದ ಒಂದು ಮುಸ್ಲಿಂ ಮನೆಗೆ ಅಂದುಕೊಳ್ಳಿ. ಮನೆಯ ಮಾತು ದಖನಿ, ಕರೆ ಮಾಡಿದವರದ್ದು ಕನ್ನಡ. ಮೂರು ತಿಂಗಳ ಹಿಂದಷ್ಟೆ ಸಿಎಎ, ಎನ್‌ಪಿಆರ್ ಗಲಾಟೆ. ಮನೆಗೆ ಬಂದು ಹೆಸರು ಕೇಳುವವರನ್ನು ಕಂಡರೇ ಸಂಶಯ. ಟಿವಿ ಹಾಕಿದರೆ ಇಡೀ ಸಮುದಾಯವೇ ರೋಗ ಹಂಚುತ್ತಿದೆ ಎಂಬ ಕಿರುಚಾಟ. ಅಂಥ ಮನೆಯವರು "ನಿದ್ದೆ ಬರ್ತದಾ?" ಎಂದು ಕೇಳಿದ ಅಪರಿಚಿತ ದನಿಗೆ ಮನಸ್ಸು ಬಿಚ್ಚುತ್ತಾರಾ? ಬೈದು ಫೋನ್ ಇಟ್ಟವರೂ ಇದ್ದಾರು. ಆ ಏಪ್ರಿಲ್‌ನಲ್ಲೇ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಅದು ತಪ್ಪೇ, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಆ ಭಯ ಎಲ್ಲಿಂದ ಬಂತೆಂದು ಕೇಳದೆ ಬಿಡುವುದೂ ಸರಿಯಲ್ಲ. ತಬ್ಲೀಗಿನ ವಿದೇಶಿಯರನ್ನು ಬಲಿಪಶು ಮಾಡಲಾಗಿದೆ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿದ್ದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಆಗಬೇಕಾದ ಗಾಯ ಆಗಿ ಮುಗಿದಿತ್ತು. ಟಿವಿ ಸ್ಟುಡಿಯೋದವರು ಹಚ್ಚಿದ ಬೆಂಕಿಯ ಬಿಸಿ ತಾಗಿದ್ದು ತಿಂಗಳಿಗೆ ಕೆಲವೇ ಸಾವಿರ ಸಿಗುವ ಹೆಂಗಸಿಗೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ 'ಬರ್ನ್‌ಔಟ್' ಅನ್ನುವುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿದೆ. ಮೈಯಲ್ಲಿ ಶಕ್ತಿ ಉಳಿಯುವುದಿಲ್ಲ, ಕೆಲಸದ ಬಗ್ಗೆ ಜಿಗುಪ್ಸೆ, ನಾನು ಮಾಡಿದ್ದರಿಂದ ಏನೂ ಆಗುವುದಿಲ್ಲ ಎಂಬ ಭಾವನೆ. ಮನೋವೈದ್ಯರಿಗೆ, ಕೌನ್ಸೆಲರ್‌ಗಳಿಗೆ ಇದರ ಮೇಲೆ ಇನ್ನೊಂದುಂಟು. ಬೇರೆಯವರ ಸಾವು ನೋವಿನ ಕತೆ ದಿನಕ್ಕೆ ಇಪ್ಪತ್ತು ಸಲ ಕೇಳಿದವನಿಗೆ ಆ ನೋವಿನ ಲಕ್ಷಣಗಳೇ ಅಂಟಿಕೊಳ್ಳುತ್ತವೆ: ನಿದ್ದೆಯಲ್ಲಿ ಅದೇ ದನಿ, ಫೋನ್ ರಿಂಗ್ ಆದರೆ ಎದೆ ಬಡಿತ. ಅದರಲ್ಲೂ ಕೊರೋನಾ ಕಾಲದಲ್ಲಿ ಕೇಳುವವನ ತಾಯಿಯೂ ಅದೇ ರೋಗದಿಂದ ಮಲಗಿರಬಹುದು. ಬೇರೆ ಕಾಲದಲ್ಲಿ ವೈದ್ಯನಿಗೂ ರೋಗಿಗೂ ನಡುವೆ ಒಂದು ಮೇಜು ಇರುತ್ತದೆ, ಆಗ ಅದೂ ಇರಲಿಲ್ಲ.

ಹೀಗೆ ಹೇಳುವಾಗ "ಅವರು ಗಟ್ಟಿ ಜನ, ತಡೆದುಕೊಳ್ಳುತ್ತಾರೆ" ಎನ್ನುವವರಿದ್ದಾರೆ. ನಮಗೆ ಈ ಹೊಗಳಿಕೆ ಬಗ್ಗೆಯೇ ಅನುಮಾನ. 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಾಗ ಕೆಲಸದ ಒತ್ತಡವೇ ಕಾರಣ ಎಂದು ಮೈಸೂರು ಜಿಲ್ಲೆಯ ವೈದ್ಯರು ಬೀದಿಗಿಳಿದರು. ಜುಲೈಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೇಳಿ ಮುಷ್ಕರ ಕೂತರು, ಸೆಪ್ಟೆಂಬರ್‌ನಲ್ಲಿ ಆರೋಗ್ಯ ಇಲಾಖೆಯ ಗುತ್ತಿಗೆ ನೌಕರರು. ಅವರು ಕೇಳಿದ್ದು ಸಂಬಳ, ಭದ್ರತೆ. ಇಂಥವರಿಗೆ ಒತ್ತಡ ನಿಭಾಯಿಸುವ ಬಗ್ಗೆ ಒಂದು ಗಂಟೆ ಆನ್‌ಲೈನ್ ತರಬೇತಿ ಕೊಟ್ಟರೆ ಸಾಕೇ? ತಾಳಿಕೆ ಅನ್ನುವುದು ರಜೆ, ಪಾಳಿ, ಸಮಯಕ್ಕೆ ಸಂಬಳ, ವಾರಕ್ಕೊಮ್ಮೆ ಹಿರಿಯರ ಹತ್ತಿರ ಕೂತು "ಈ ವಾರ ಈ ಒಂದು ಕೇಸು ನನ್ನಿಂದ ಆಗಲಿಲ್ಲ" ಎಂದು ಹೇಳಿಕೊಳ್ಳುವ ಅವಕಾಶ, ಇವುಗಳಿಂದ ಬರುವಂಥದ್ದು. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಪಕ್ಕದ ಕೋಣೆಯಲ್ಲೇ ಹಿರಿಯರು ಸಿಗುತ್ತಾರೆ. ಬಸವಕಲ್ಯಾಣದಿಂದ ಬೀದರಿಗೇ ಸುಮಾರು 80 ಕಿಲೋಮೀಟರ್.

ಪಕ್ಕದ ಕೇರಳ 2020ರಲ್ಲೇ ತನ್ನ ಜಿಲ್ಲಾ ತಂಡಗಳನ್ನು ಸೇರಿಸಿ 'ಒಟ್ಟಕ್ಕಲ್ಲ ಒಪ್ಪಮುಂಡ್', ಅಂದರೆ ಒಬ್ಬಂಟಿಯಲ್ಲ ಜೊತೆಗಿದ್ದೇವೆ, ಎಂಬ ಹೆಸರಿನಲ್ಲಿ ಕೆಲಸ ಮಾಡಿತು. ತಲಪಾಡಿ ಗಡಿ ಮುಚ್ಚಿ ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ ಬರಲಾಗದೆ ಒದ್ದಾಡಿದ ದಿನಗಳು ನಮಗೆ ನೆನಪುಂಟು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ಆ ಹಣದಲ್ಲಿ ಪ್ರತಿ ತಾಲೂಕಿಗೆ ಉರ್ದು, ಮರಾಠಿ ಬಲ್ಲ ಒಬ್ಬ ಖಾಯಂ ಕೌನ್ಸೆಲರ್‌ನನ್ನು ನೇಮಿಸಿದರೆ ಒಂದು ಕಟ್ಟಡಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ನಮ್ಮ ಪಾಲಿನದ್ದೂ ಸ್ವಲ್ಪ ಇದೆ. ಮಂಗಳೂರು, ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳು ಒಂದರ ಪಕ್ಕ ಒಂದು. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್, ಸೈಕಾಲಜಿ, ಎಂಎಸ್‌ಡಬ್ಲ್ಯು ಓದುತ್ತಿದ್ದಾರೆ. "ಹುಚ್ಚರ ಡಾಕ್ಟರ್" ಎಂಬ ತಮಾಷೆ ಮದುವೆ ಮಾತುಕತೆಯಲ್ಲಿ ಇನ್ನೂ ನಿಂತಿಲ್ಲ. ಇನ್ನು, ಪಿಪಿಇ ಕಿಟ್ ಹಾಕಿಕೊಂಡು ಮಯ್ಯತ್ ದಫನ ಮಾಡಿದ, ಜಾತಿ ಧರ್ಮ ನೋಡದೆ ಶವ ಸ್ಮಶಾನಕ್ಕೆ ಮುಟ್ಟಿಸಿದ ನಮ್ಮ ಹುಡುಗರಿಗೆ ಶಾಲು ಹೊದಿಸಿ ಫೋಟೋ ತೆಗೆದೆವು. ಆಮೇಲೆ ಅವರಿಗೆ ನಿದ್ದೆ ಬರ್ತದಾ ಎಂದು ಎಷ್ಟು ಜಮಾಅತ್ ಕಮಿಟಿಗಳು ಕೇಳಿದವು? 2022ರ ಅಕ್ಟೋಬರ್‌ನಿಂದ 'ಟೆಲಿ ಮಾನಸ್' ಇದೆ. ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮಸೀದಿ, ಮದ್ರಸದ ನೋಟಿಸ್ ಬೋರ್ಡಿನಲ್ಲಿ ಬರೆದಿಡಿ. ಆಂಬುಲೆನ್ಸ್ ಓಡಿಸುವ ಹುಡುಗ, ನಿಮ್ಮ ವಾರ್ಡಿನ ಆಶಾ ಅಕ್ಕ, ಕೌನ್ಸೆಲಿಂಗ್ ಮಾಡುವವರು, ಯಾರು ಬೇಕಾದರೂ ಆ ಸಂಖ್ಯೆಗೆ ತಮ್ಮದೇ ಮಾತು ಹೇಳಲು ಕರೆ ಮಾಡಬಹುದು.