ಸ್ಪಿರಿಟ್ ಟ್ಯಾಂಕರಿನ ಮೇಲೆ ಕನ್ನಡ ಎಲ್ಲಿ?

ಗೋಕಾಕ ಎಂದೊಡನೆ ಕನ್ನಡಿಗರ ಕಿವಿಯಲ್ಲಿ 1982ರ ಘೋಷಣೆಗಳು ಮೊಳಗುತ್ತವೆ. ಆ ಚಳವಳಿಗೆ ಹೆಸರು ಕೊಟ್ಟದ್ದು ವಿ.ಕೃ. ಗೋಕಾಕರ ವರದಿ, ಗೋಕಾಕ ಎಂಬ ಊರಲ್ಲ. ಇವತ್ತು ನಾವು ಬರೆಯುತ್ತಿರುವುದು ಊರಿನ ಬಗ್ಗೆ. ಘಟಪ್ರಭೆಯ ದಂಡೆಯ ಗೋಕಾಕ, ಅದರಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ, ಹಿರಣ್ಯಕೇಶಿಯ ಬಯಲಿನ ಹುಕ್ಕೇರಿ. ಈ ಮೂರೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಸಕ್ಕರೆಯ ಹಿಂದೆ ಕಾಕಂಬಿ, ಕಾಕಂಬಿಯ ಹಿಂದೆ ಡಿಸ್ಟಿಲರಿ, ಡಿಸ್ಟಿಲರಿಯ ಹಿಂದೆ ಟ್ಯಾಂಕರು.

ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ ಪಿ.ಜಿ. ಕಡೆಯ ಡಿಸ್ಟಿಲರಿಗಳಿಂದ ಹೊರಟ ಟ್ಯಾಂಕರುಗಳು ಹೆದ್ದಾರಿ ಸೇರುತ್ತವೆ. ದಾರಿ ಬದಿಯ ಚಹಾ ಅಂಗಡಿಯವನನ್ನು ‘ಅದರಾಗ ಏನೈತಿ?’ ಎಂದು ಕೇಳಿ ನೋಡಿ. ‘ಸ್ಪಿರಿಟ್ ಗಾಡಿರಿ’ ಎನ್ನುತ್ತಾನೆ. ಅದರ ಮೇಲೆ ಏನು ಬರೆದಿದೆ ಎಂದು ಕೇಳಿ. ತಲೆ ಕೆರೆದುಕೊಳ್ಳುತ್ತಾನೆ. ಬರೆದಿರುವುದು ಇಂಗ್ಲಿಷಿನಲ್ಲಿ. ಒಂದು ಕೆಂಪು ವಜ್ರಾಕೃತಿ, ಒಂದು ಜ್ವಾಲೆಯ ಚಿತ್ರ, 3 ಎಂಬ ಅಂಕಿ, 1170 ಎಂಬ ಇನ್ನೊಂದು ಅಂಕಿ, ಒಂದು ಒಗಟಿನಂಥ ಸಂಕೇತ. ಟ್ಯಾಂಕರು ಉರುಳಿದರೆ ಮೊದಲು ಓಡಿ ಬರುವವನು ಈ ಚಹಾ ಅಂಗಡಿಯವನು. ಅವನಿಗೇ ಅದು ಅರ್ಥವಾಗುವುದಿಲ್ಲ!

ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಗೆಳೆಯರೇ, ಇದು ದೂರದ ಬೆಳಗಾವಿ ಜಿಲ್ಲೆಯ ಸಮಾಚಾರ ಎಂದು ಪುಟ ತಿರುವಬೇಡಿ. ನಿಮ್ಮ ಬೈಕಿಗೆ ಬೀಳುವ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಇದೇ ಎಥನಾಲ್. ಕೊರೋನಾ ಕಾಲದಲ್ಲಿ ಕೈಗೆ ಸವರಿಕೊಂಡ ಸ್ಯಾನಿಟೈಸರಿನಲ್ಲಿ ಇದ್ದದ್ದೂ ಇದೇ ಜಾತಿಯ ದ್ರವ. ಔಷಧ, ಬಣ್ಣ, ಶಾಯಿ, ಅತ್ತರು ತಯಾರಿಸುವವರಿಗೆ ಇದೊಂದು ದ್ರಾವಕ, ಅಂದರೆ ಬೇರೆ ಪದಾರ್ಥಗಳನ್ನು ಕರಗಿಸಿಕೊಳ್ಳುವ ದ್ರವ. 2020ರ ನವೆಂಬರ್ 10ರಂದು ಬೆಂಗಳೂರಿನ ಬಾಪೂಜಿನಗರದ ಪಕ್ಕ, ಹೊಸಗುಡ್ಡದಹಳ್ಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ಇಡೀ ಬೀದಿ ಹೊಗೆಯಲ್ಲಿ ಮುಳುಗಿದ್ದನ್ನು ಮರೆತಿರಾ? ಮನೆಗಳ ನಡುವೆ ಇದ್ದ ಗೋದಾಮು ಅದು. ನಮ್ಮ ಓಣಿಯ ಪೇಂಟ್ ಅಂಗಡಿಯ ಥಿನ್ನರ್ ಕೂಡ ಇದೇ ಕುಲದ್ದು. ಅದನ್ನು ತಂಪು ಪಾನೀಯದ ಹಳೆ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಾರೆ, ಒಂದು ಚೀಟಿಯನ್ನೂ ಅಂಟಿಸುವುದಿಲ್ಲ.

ಹಾಗಾದರೆ ಆ ಕೆಂಪು ವಜ್ರಾಕೃತಿ ಏನು ಹೇಳುತ್ತದೆ? ಕಾರ್ಖಾನೆಯ ಬಾಗಿಲಲ್ಲಿ ಯಾರೂ ಕನ್ನಡದಲ್ಲಿ ಹೇಳದಿದ್ದರೆ ನಾವೇ ಹೇಳೋಣ.

ಜಗತ್ತಿನ ಅಪಾಯಕಾರಿ ಸರಕುಗಳನ್ನು ಸಾಗಣೆಗಾಗಿ 9 ವರ್ಗಗಳಾಗಿ ವಿಂಗಡಿಸಿದ್ದಾರೆ. 1 ಸ್ಫೋಟಕ, 2 ಅನಿಲ, 3 ಬೆಂಕಿ ಹತ್ತುವ ದ್ರವ, ಹೀಗೆ. ಟ್ಯಾಂಕರಿನ ಮೇಲಿನ 3 ಎಂಬುದು ಈ ವರ್ಗ. 1170 ಎಂಬುದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಎಥನಾಲಿನ ಸಂಖ್ಯೆ. ಬೆಂಕಿ ಹತ್ತುವ ದ್ರವಗಳಲ್ಲಿ ಯಾವುದು ಎಷ್ಟು ಅಪಾಯ ಎಂದು ಅಳೆಯಲು ಇರುವ ಮುಖ್ಯ ಅಳತೆಗೋಲು ಒಂದೇ. ಎಷ್ಟು ಉಷ್ಣತೆಯಲ್ಲಿ ಆ ದ್ರವ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ? ಸೀಮೆ ಎಣ್ಣೆಗೆ 35 ಡಿಗ್ರಿಗಿಂತ ಹೆಚ್ಚು ಬೇಕು. ಸ್ಪಿರಿಟಿಗೆ ಸುಮಾರು 13ರಿಂದ 17 ಡಿಗ್ರಿ ಸಾಕು. ಡಿಸೆಂಬರಿನ ಒಂದೆರಡು ಮುಂಜಾವು ಬಿಟ್ಟರೆ ಗೋಕಾಕದಲ್ಲಿ ವರ್ಷವಿಡೀ ಅದಕ್ಕಿಂತ ಹೆಚ್ಚು ಉಷ್ಣತೆ ಇರುತ್ತದೆ. ಅಂದರೆ ಸ್ಪಿರಿಟಿಗೆ ನಮ್ಮ ನಾಡಿನಲ್ಲಿ ತಣ್ಣಗಿನ ದಿನ ಎಂಬುದೇ ಇಲ್ಲ. ಅದು ಸದಾ ಸಿದ್ಧ, ಕಾಯುವುದು ಒಂದು ಕಿಡಿಗಾಗಿ.

ಇನ್ನೂ ಇದೆ. ಸ್ಪಿರಿಟಿನ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಅದು ಮೇಲೆ ಹೋಗಿ ಕರಗುವುದಿಲ್ಲ. ನೆಲ ಹಿಡಿದು ಹರಿದು ಗಟಾರ, ತಗ್ಗು, ನೆಲಮಾಳಿಗೆಗಳಲ್ಲಿ ಕೂರುತ್ತದೆ. ಅಲ್ಲೆಲ್ಲೋ ಒಬ್ಬ ಬೀಡಿ ಹಚ್ಚಿದರೆ ಬೆಂಕಿ ಆವಿಯ ಜಾಡು ಹಿಡಿದು ಟ್ಯಾಂಕಿನ ತನಕ ವಾಪಸು ಓಡುತ್ತದೆ. ಆ ಬೆಂಕಿಯ ಬಣ್ಣ ತಿಳಿ ನೀಲಿ, ಹಾಡು ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಬೆಂಕಿ ಇಲ್ಲ ಎಂದುಕೊಂಡು ಹತ್ತಿರ ಹೋದವನು ಉರಿಯೊಳಗೇ ಕಾಲಿಡುತ್ತಾನೆ.

ಖಾಲಿ ಟ್ಯಾಂಕರು ಸುರಕ್ಷಿತ ಎಂದು ನಂಬಿದ ವೆಲ್ಡಿಂಗ್ ಹುಡುಗರು ಇದನ್ನು ಓದಬೇಕು. ಗಾಳಿಯ ನೂರು ಪಾಲಿನಲ್ಲಿ ಸ್ಪಿರಿಟಿನ ಆವಿ 3.3 ಪಾಲಿನಿಂದ 19 ಪಾಲಿನ ನಡುವೆ ಎಷ್ಟಿದ್ದರೂ ಸಿಡಿಯುತ್ತದೆ. ಪೆಟ್ರೋಲಿನ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ತೀರ ದಟ್ಟವಾಗಿರುವುದರಿಂದ ಒಳಗಡೆ ಹೊತ್ತಲು ಗಾಳಿಯೇ ಸಾಲದು. ಸ್ಪಿರಿಟಿನ ಟ್ಯಾಂಕಿನೊಳಗಿನ ಖಾಲಿ ಜಾಗ ಮಾತ್ರ ನಮ್ಮ ಹವೆಯಲ್ಲಿ ಸರಿಯಾಗಿ ಸಿಡಿಯುವ ಮಿತಿಯೊಳಗೇ ಇರುತ್ತದೆ. ತಳದಲ್ಲಿ ನಾಲ್ಕು ಬೊಗಸೆ ಉಳಿದ ಟ್ಯಾಂಕರು ಒಂದು ಬಾಂಬು. ಅದನ್ನು ತೊಳೆದು, ಆವಿ ಹೊರಹಾಕಿ, ಅಳೆದು ನೋಡದೆ ಬೆಸುಗೆ ಕಡ್ಡಿ ಹಿಡಿಯಕೂಡದು.

ಇಷ್ಟನ್ನು ಒಂದು ಮಾತಿನಲ್ಲಿ ಹೇಳಲು ಕಾನೂನು ಏನು ಮಾಡಿದೆ? ಅಪಾಯಕಾರಿ ರಾಸಾಯನಿಕಗಳ ಕುರಿತ ಭಾರತದ 1989ರ ನಿಯಮಗಳು ಇಂಗ್ಲಿಷಿನಲ್ಲಿ ನಾಲ್ಕು ಮೆಟ್ಟಿಲು ಕಟ್ಟಿವೆ: ಫ್ಲೇಮಬಲ್, ಹೈಲಿ ಫ್ಲೇಮಬಲ್, ವೆರಿ ಹೈಲಿ ಫ್ಲೇಮಬಲ್, ಎಕ್ಸ್‌ಟ್ರೀಮ್ಲಿ ಫ್ಲೇಮಬಲ್. ಸ್ಪಿರಿಟ್ ಮೂರನೆಯ ಮೆಟ್ಟಿಲಿನದು. ಅದೇ ಸ್ಪಿರಿಟಿಗೆ ವಿಶ್ವಸಂಸ್ಥೆಯ ಲೇಬಲ್ ಪದ್ಧತಿಯಲ್ಲಿ ಬರೀ ‘ಹೈಲಿ’! ಆ ಪದ್ಧತಿಯಲ್ಲಿ ಸ್ಪಿರಿಟಿನ ದರ್ಜೆ 2. ಅಲ್ಲಿ 1 ಎಂದರೆ ಅತಿ ಹೆಚ್ಚು ಅಪಾಯ, ಅಂಕಿ ದೊಡ್ಡದಾದಷ್ಟು ಅಪಾಯ ಕಡಿಮೆ. ಅಮೆರಿಕದ ನಾಲ್ಕು ಬಣ್ಣದ ಚೌಕದಲ್ಲಿ ಇದೇ ಸ್ಪಿರಿಟಿನ ಬೆಂಕಿಯ ಅಂಕಿ 3, ಅಲ್ಲಿ 4 ಎಂದರೆ ಅತಿ ಹೆಚ್ಚು. ಟ್ಯಾಂಕರಿನ 3 ಎಂಬುದೋ ದರ್ಜೆಯೇ ಅಲ್ಲ, ಬರೀ ವರ್ಗದ ಹೆಸರು. ಒಂದೇ ಡ್ರಮ್ಮಿನ ಮೇಲೆ ಈ ಅಂಕಿಗಳೆಲ್ಲ ಕೂತರೆ, ಏಳನೇ ಇಯತ್ತೆ ಕಲಿತು ಡಿಸ್ಟಿಲರಿ ಸೇರಿದ ಹುಡುಗ ಏನು ತಿಳಿಯಬೇಕು? ಇಂಗ್ಲಿಷಿನ ಇನ್ನೊಂದು ಕಿತಾಪತಿ ನೋಡಿ. ‘ಇನ್‌ಫ್ಲೇಮಬಲ್’ ಎಂದರೂ ಬೆಂಕಿ ಹತ್ತುತ್ತದೆ ಎಂದೇ ಅರ್ಥ. ಆದರೆ ‘ಇನ್’ ಕಂಡೊಡನೆ ಹತ್ತುವುದಿಲ್ಲ ಎಂದು ಓದುವವರೇ ಹೆಚ್ಚು. ಅದಕ್ಕೇ ಸುರಕ್ಷತೆಯ ತಜ್ಞರು ಆ ಪದವನ್ನು ಕೈಬಿಟ್ಟರು. ಇಂಗ್ಲಿಷ್ ಬಲ್ಲವರೇ ಎಡವಿದ ಕಲ್ಲಿಗೆ ನಮ್ಮ ಕಾರ್ಮಿಕರನ್ನು ದೂಡಬೇಕೇ?

ಆ ಒಗಟಿನಂಥ ಸಂಕೇತಕ್ಕೆ ಬನ್ನಿ. ಎಥನಾಲಿಗೆ ಅದು ಒಂದು ಚುಕ್ಕೆ, 2, ವೈ, ಇ. ಜನರನ್ನು ದೂರ ಕಳಿಸುವ ಬಗ್ಗೆ ಯೋಚಿಸಿ ಎಂದು ‘ಇ’ ಹೇಳುತ್ತದೆ. ಮೊದಲಿನ ಪುಟ್ಟ ಚುಕ್ಕೆ ಹೇಳುವುದು: ಮಾಮೂಲಿ ನೊರೆ ನಡೆಯದು, ಆಲ್ಕೋಹಾಲನ್ನು ತಡೆಯುವ ನೊರೆಯೇ ಬೇಕು. ಪೆಟ್ರೋಲಿನ ಬೆಂಕಿಯನ್ನು ಮುಚ್ಚುವ ಸಾಧಾರಣ ನೊರೆಯೊಳಗಿನ ನೀರನ್ನು ಸ್ಪಿರಿಟ್ ಹೀರಿಕೊಂಡು ಆ ನೊರೆಯನ್ನೇ ಒಡೆದು ಹಾಕುತ್ತದೆ. ಸ್ವಲ್ಪ ನೀರು ಸುರಿದರಾಯಿತು ಎನ್ನುವಂತೆಯೂ ಇಲ್ಲ. ಅರ್ಧಕ್ಕರ್ಧ ನೀರು ಬೆರೆತ ಸ್ಪಿರಿಟ್ ಕೂಡ ಸುಮಾರು 24 ಡಿಗ್ರಿಯಲ್ಲಿ ಬೆಂಕಿ ಹಿಡಿಯುತ್ತದೆ. ಒಂದು ಚುಕ್ಕೆಯಲ್ಲಿ ಊರಿನ ಪ್ರಾಣ ಇದೆ. ಆ ಚುಕ್ಕೆಯ ಅರ್ಥವನ್ನು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಯಾರಾದರೂ ಬರೆದದ್ದನ್ನು ಕಂಡಿದ್ದೀರಾ?

ವರ್ಗೀಕರಣ ಎಂದರೆ ಗುಮಾಸ್ತರ ಕೆಲಸ ಎಂದುಕೊಳ್ಳಬೇಡಿ. ಮೆಥನಾಲ್ ಎಂಬ ಇನ್ನೊಂದು ದ್ರಾವಕ ಇದೆ. ನೋಡಲು ಸ್ಪಿರಿಟಿನಂತೆಯೇ, ಹೊತ್ತುವುದೂ ಹಾಗೆಯೇ. ವ್ಯತ್ಯಾಸ ಒಂದೇ: ಅದರ ಪಟ್ಟಿಯಲ್ಲಿ ಬೆಂಕಿಯ ಜೊತೆಗೆ ವಿಷದ ಗುರುತೂ ಇರಬೇಕು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರೈವತ್ತಕ್ಕೂ ಹೆಚ್ಚು ಹೆಣ ಬಿದ್ದವು. ಲೇಬಲ್ಲಿನಲ್ಲಿರುವುದು ಒಂದೇ ಗುರುತಿನ ಅಂತರ. ಮನುಷ್ಯನಿಗೆ ಅದು ಸಾವು ಬದುಕಿನ ಅಂತರ.

ಬೆಂಕಿಯ ಕಥೆಯೂ ಹತ್ತಿರದ್ದೇ. 2018ರ ಡಿಸೆಂಬರಿನಲ್ಲಿ ಪಕ್ಕದ ಮುಧೋಳ ತಾಲೂಕಿನ ಡಿಸ್ಟಿಲರಿಯೊಂದರ ತ್ಯಾಜ್ಯ ನೀರಿನ ಘಟಕ ಸಿಡಿದು ನಾಲ್ವರು ಪ್ರಾಣ ಬಿಟ್ಟರು. 2024ರ ಆಗಸ್ಟಿನಲ್ಲಿ ಬೆಳಗಾವಿ ಬಳಿಯ ನಾವಗೆಯ ಟೇಪ್ ಕಾರ್ಖಾನೆಯ ಬೆಂಕಿಯಲ್ಲಿ ಇನ್ನೂ ಹರೆಯದ ಕಾರ್ಮಿಕನೊಬ್ಬ ಬೂದಿಯಾದ. ಉರುಳಿದ ಟ್ಯಾಂಕರಿನತ್ತ ಜನ ಕೊಡ, ಬಕೆಟ್ ಹಿಡಿದು ಓಡುವುದನ್ನು ನಮ್ಮ ಹೆದ್ದಾರಿಗಳಲ್ಲೂ ಕಂಡಿದ್ದೇವೆ. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರ ಬಳಿ ಹಾಗೆ ಪೆಟ್ರೋಲ್ ತುಂಬಿಕೊಳ್ಳಲು ಹೋದ ಇನ್ನೂರಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಅವರು ಬರೀ ಆಸೆಬುರುಕರು ಎಂದು ಬೈದು ಸುಮ್ಮನಾಗುವುದು ಸುಲಭ. ಅವರಿಗೆ ತಿಳಿಯುವ ಭಾಷೆಯಲ್ಲಿ ಅಪಾಯವನ್ನು ಯಾರು ಹೇಳಿದ್ದರು? ಅದು ಪ್ರಶ್ನೆ.

ಕಾನೂನು ಕುರುಡೇನಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ವಾಹನದ ಎರಡು ಪಕ್ಕ ಮತ್ತು ಹಿಂದೆ ತುರ್ತು ಮಾಹಿತಿ ಫಲಕ ಇರಬೇಕು. ಚಾಲಕನಿಗೆ ಇಂಗ್ಲಿಷಿನ ಜೊತೆ ಒಂದು ಭಾರತೀಯ ಭಾಷೆ ಓದಿ ಬರೆಯಲು ಬರಬೇಕು, ತರಬೇತಿಯೂ ಆಗಿರಬೇಕು. ಚಾಲಕನ ಭಾಷೆಯನ್ನು ನೆನೆದ ಕಾನೂನು, ಟ್ಯಾಂಕರ್ ಹಾದುಹೋಗುವ ಊರಿನ ಭಾಷೆಯನ್ನು ನೆನೆಯಬಾರದೇ? 1948ರ ಕಾರ್ಖಾನೆ ಕಾಯಿದೆ, ಫಲಕಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದಿತ್ತು. ಭೋಪಾಲದ ನಂತರ, 1987ರಲ್ಲಿ, ಸುತ್ತಲಿನ ಜನರಿಗೂ ಅಪಾಯದ ಮಾಹಿತಿ ಕೊಡಬೇಕು ಎಂಬ ಕಲಮು ಸೇರಿತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾಗಲಿ, ಕಾರ್ಮಿಕನ ಭಾಷೆ ಬದಲಾಗಿಲ್ಲ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ನಮ್ಮದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಕನ್ನಡ ಬೇಕು, ಸರಿ. ಸ್ಪಿರಿಟಿನ ಡ್ರಮ್ಮಿಗೆ ಮೊದಲು ಬೇಡವೇ?

ನಮ್ಮನ್ನೂ ನಾವು ಕೇಳಿಕೊಳ್ಳೋಣ. ಅಂಗಡಿಗಳ ನಾಮಫಲಕಕ್ಕಾಗಿ ಬೀದಿಗಿಳಿದೆವು. ಅದು ಬೇಕಿತ್ತು. ಆದರೆ ಕಾರ್ಖಾನೆಯ ಗೇಟಿನ ಮೇಲೆ ದಪ್ಪಕ್ಷರದ ಕನ್ನಡ ಕಂಡು ಸಂತೋಷಪಟ್ಟು ಹೊರಟೆವು, ಒಳಗಿನ ಟ್ಯಾಂಕಿನ ಮೇಲೆ ಏನಿದೆ ಎಂದು ಇಣುಕಲಿಲ್ಲ. ಹೆಸರಿನಲ್ಲಿ ಕನ್ನಡ ಇದ್ದು ಎಚ್ಚರಿಕೆಯಲ್ಲಿ ಇಲ್ಲದಿದ್ದರೆ ಅದು ಅಲಂಕಾರದ ಕನ್ನಡ. ಇನ್ನೊಂದು ಮಾತು. ಕನ್ನಡ ಬೇಕು ಎಂದರೆ ‘ಅತ್ಯುಚ್ಚ ದಹನಶೀಲ ದ್ರವ ಪದಾರ್ಥ’ ಎಂಬ ಕಬ್ಬಿಣದ ಕಡಲೆ ಬೇಡ. ‘ಬೆಂಕಿ ಹತ್ತುವ ದ್ರವ. ಕಿಡಿ ಸಾಕು. ದೂರ ಇರಿ’ ಎಂದು ಬರೆಯಿರಿ. ಹುಕ್ಕೇರಿಯ ಮುದುಕಿಗೂ ತಿಳಿಯುತ್ತದೆ. ಬೇರೆ ರಾಜ್ಯದಿಂದ ಬಂದ ಚಾಲಕ, ಕೂಲಿಕಾರನಿಗೆ ಅವನ ಭಾಷೆಯಲ್ಲೂ ಇರಲಿ, ಜ್ವಾಲೆಯ ಚಿತ್ರವೂ ಇರಲಿ. ಬೆಂಕಿ ಯಾರ ಜಾತಿ, ಭಾಷೆ ಕೇಳುವುದಿಲ್ಲ.

ನಮ್ಮ ಹಕ್ಕೊತ್ತಾಯ ಸ್ಪಷ್ಟ. ಕರ್ನಾಟಕದಿಂದ ಹೊರಡುವ ಪ್ರತಿ ಸ್ಪಿರಿಟ್, ಎಥನಾಲ್ ಟ್ಯಾಂಕರಿನ ತುರ್ತು ಫಲಕ ಕನ್ನಡದಲ್ಲೂ ಇರಲಿ. ಡಿಸ್ಟಿಲರಿಯ ಪ್ರತಿ ಟ್ಯಾಂಕು, ಡ್ರಮ್ಮಿನ ಮೇಲೆ ಅಪಾಯದ ದರ್ಜೆ ಕನ್ನಡದ ಮಾತಿನಲ್ಲಿ ಇರಲಿ, ಬರೀ ಅಂಕಿಯಲ್ಲಿ ಅಲ್ಲ. ಸುರಕ್ಷತಾ ಮಾಹಿತಿ ಪತ್ರದ ಕನ್ನಡ ಪ್ರತಿ ಕಾರ್ಮಿಕನ ಕೈಗೂ ಸುತ್ತಲಿನ ಪಂಚಾಯತಿಗೂ ಸಿಗಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಅಗ್ನಿಶಾಮಕ ಠಾಣೆಗಳಲ್ಲಿ ಆಲ್ಕೋಹಾಲ್ ತಡೆಯುವ ನೊರೆ ಎಷ್ಟು ದಾಸ್ತಾನಿದೆ ಎಂದು ಸರ್ಕಾರ ಜನರಿಗೆ ಹೇಳಲಿ.

ಗೆಳೆಯರೇ, ಮುಂದಿನ ಸಲ ರಸ್ತೆಯಲ್ಲಿ ಕೆಂಪು ವಜ್ರಾಕೃತಿ ಕಂಡರೆ ನಿಂತು ಓದಿ, ಪಕ್ಕದವನಿಗೂ ಓದಿ ಹೇಳಿ. ಉರುಳಿದ್ದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿಯಿರಿ, ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತ ನಿಲ್ಲಬೇಡಿ, ದೂರ ಹೋಗಿ 112ಕ್ಕೆ ಕರೆ ಮಾಡಿ. ನವೆಂಬರಿನಲ್ಲಿ ಬಾವುಟ ಹಾರಿಸುವ ಕೈ, ಉಳಿದ ಹನ್ನೊಂದು ತಿಂಗಳು ಈ ಫಲಕಗಳನ್ನು ಕನ್ನಡಕ್ಕೆ ತರಲಿ. ಕನ್ನಡ ಬಾಳಬೇಕಾದರೆ ಮೊದಲು ಕನ್ನಡಿಗ ಬದುಕಬೇಕು.

ಸಿರಿಗನ್ನಡಂ ಗೆಲ್ಗೆ!