ಆ ಜಗಲಿಯಲ್ಲಿ ನೀವಿರಲಿಲ್ಲ

2016ರ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಮುಂಚಿನ ಒಂದು ಸಂಜೆ. ಮನೆಯ ಮದುವೆಯ ಕರೆಯೋಲೆ ಕೊಡಲೆಂದು ನಮ್ಮ ಸೀಮೆಯ ಮುಖಂಡರೊಬ್ಬರಲ್ಲಿಗೆ ಹೋಗಿದ್ದೆ. ಜಗಲಿಯ ಮೇಲೆ ಪಕ್ಷದ ಸಭೆ ಕೂತಿತ್ತು. ಹದಿನೈದಿಪ್ಪತ್ತು ಜನ, ನಡುವೆ ಮಂಡಕ್ಕಿ, ಚಹಾ. 'ಕೂತ್ಕಳಿ ಮೇಷ್ಟ್ರೇ' ಎಂದರು, ಕೂತೆ. ಯಾರನ್ನು ನಿಲ್ಲಿಸಬೇಕೆಂಬ ಮಾತು. 'ಖರ್ಚು ಹಾಕೋ ಶಕ್ತಿ ಯಾರಿಗಿದೆ, ಅದ್ನ ಮೊದ್ಲು ಹೇಳಿ' ಎಂದರು ಒಬ್ಬರು. ಹೆಸರೊಂದು ಬಂತು. ಬೇಡವೆನ್ನುವವರು ಯಾರೂ ಇರಲಿಲ್ಲ. ನನ್ನ ಲೋಟದ ಚಹಾ ಆರುವುದರೊಳಗೆ ಸಾವಿರಾರು ಜನರ ಐದು ವರ್ಷ ತೀರ್ಮಾನವಾಗಿಹೋಗಿತ್ತು.

ಅಲ್ಲಿದ್ದವರು ಕೆಟ್ಟವರೆಂದು ನಾನು ಹೇಳಲಾರೆ. ಗುತ್ತಿಗೆದಾರರಿದ್ದರು, ಜಲ್ಲಿ ಕ್ರಷರ್ ನಡೆಸುವವರಿದ್ದರು, ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿ ಬರುವ ಹುಡುಗನೂ ಇದ್ದ. ಅವರು ಬಂದಿದ್ದರು, ಅಷ್ಟೇ. ಬಾರದೆ ಉಳಿದವರು ನೀವು. ಮಕ್ಕಳಿಗೆ ಅಕ್ಷರ ಕಲಿಸಿದ ನೀವು, ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬಂದು ನಾಡಿ ನೋಡುವ ನೀವು, ಬ್ಯಾಂಕಿನಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರುವ ನೀವು, ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ದುಡಿಯುತ್ತಿರುವ ನೀವು. ಮತದಾನದ ದಿನ ಬೆಳಿಗ್ಗೆಯೇ ಸಾಲಿನಲ್ಲಿ ನಿಂತು, ಬೆರಳ ಶಾಯಿ ತೋರಿಸಿ, ಕರ್ತವ್ಯ ಮುಗಿಯಿತೆಂಬ ನೆಮ್ಮದಿಯಲ್ಲಿ ಮನೆಗೆ ಹೋದಿರಿ. ಆದರೆ ನೀವು ಆರಿಸಿದ ಹೆಸರನ್ನು ನಿಮಗಿಂತ ಮೊದಲೇ ಒಂದು ಜಗಲಿಯಲ್ಲಿ ಆರಿಸಿಯಾಗಿತ್ತು. ನೀವು ತಿರಸ್ಕರಿಸಿದ ಹೆಸರನ್ನು ಇನ್ನೊಂದು ಜಗಲಿಯಲ್ಲಿ. ಆ ಜಗಲಿಯಲ್ಲಿ ನೀವಿರಲಿಲ್ಲ. ಅದಕ್ಕೂ ಮುಂಚಿನ ಎಷ್ಟೋ ವರ್ಷ ನಾನೂ ಇರಲಿಲ್ಲ.

ನೀವಿಲ್ಲದ್ದರಿಂದ ನಿಮಗೆ ಏನೂ ಆಗಲಿಲ್ಲ, ನಿಜ. ನಿಮ್ಮ ಬಾವಿಯಲ್ಲಿ ನೀರಿದೆ, ನಿಮ್ಮ ಮಗಳು ಪಟ್ಟಣದ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳೆ. ಆದದ್ದು ಕೆರೆಯ ಆಚೆ, ನೀಲಿ ಟಾರ್ಪಾಲಿನ ಕೆಳಗೆ ಇನ್ನೊಂದು ಮಳೆಗಾಲ ಕಳೆದ ಆ ಮುದುಕಿಗೆ. ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ, ಎಲ್ಲರ ಎದುರು, ಆರಿಸಬೇಕು. ಆ ಸಭೆಗೆ ಕೋರಂ ಆಗಬೇಕಾದರೆ ಊರ ಮತದಾರರಲ್ಲಿ ಹತ್ತನೇ ಒಂದು ಭಾಗವೋ ನೂರು ಜನವೋ, ಯಾವುದು ಕಡಿಮೆಯೋ ಅಷ್ಟು ಜನ ಬಂದರೆ ಸಾಕು. ನೂರು ಜನ! ನಮ್ಮೂರಿನ ಒಂದು ಗೃಹಪ್ರವೇಶಕ್ಕೆ ಅದರ ಮೂರು ಪಟ್ಟು ಸೇರುತ್ತಾರೆ. ಆದರೂ ಸಭೆಗೆ ಮೂವತ್ತು ಜನ ಬರುತ್ತಾರೆ, ಮಾರನೆಯ ದಿನ ಹಾಜರಿ ಪುಸ್ತಕ ಮನೆಮನೆಗೆ ಬರುತ್ತದೆ. ಪುಸ್ತಕ ತಂದ ಹುಡುಗ ಗುರುತಿನವನು, ಇಲ್ಲವೆನ್ನಲು ನಿಮಗೆ ದಾಕ್ಷಿಣ್ಯ, ಬಾಗಿಲಲ್ಲೇ ನಿಂತು ಸಹಿ ಹಾಕುತ್ತೀರಿ. ಆ ಸಹಿಯ ಬಲದ ಮೇಲೆ ಪಟ್ಟಿ ಒಪ್ಪಿಗೆಯಾಗುತ್ತದೆ, ಪಟ್ಟಿಯಲ್ಲಿ ಮುದುಕಿಯ ಹೆಸರಿರುವುದಿಲ್ಲ. 'ಇವಳದ್ದು ಮೊದಲು ಬರೀರಿ, ಅವಳಿಗೆ ಸೂರಿಲ್ಲ' ಎನ್ನಲು ಬೇಕಿದ್ದದ್ದು ಒಂದೇ ಒಂದು ದನಿ. ನೀವು ಎದ್ದು ನಿಂತಿದ್ದರೆ ನಿಮ್ಮನ್ನು ಸುಮ್ಮನಿರಿ ಎನ್ನುವ ಧೈರ್ಯ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಅಲ್ಲಿ ನೀವಿರಲಿಲ್ಲ.

ಇನ್ನೊಬ್ಬಳಿದ್ದಾಳೆ, ಅವಳನ್ನು ನೆನೆದಾಗಲೇ ನನಗೆ ಹೆಚ್ಚು ಸಂಕಟ. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಹಾಗೆ ಗೆದ್ದು ಬಂದ ಒಬ್ಬಳು, ಕೂಲಿ ಮಾಡಿ ಬದುಕುವವಳು, ಜೀವನದಲ್ಲಿ ಮೊದಲ ಸಲ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, 'ನಮ್ಮ ಕೇರಿ ಅಂಗನವಾಡಿಗೆ ಕಕ್ಕಸು ಇಲ್ಲ, ಮಕ್ಕಳು ರಸ್ತೆ ಬದಿಗೆ ಹೋಗ್ತಾವೆ' ಎನ್ನುತ್ತಾಳೆ. ಎಂದವಳು ಸುತ್ತ ನೋಡುತ್ತಾಳೆ. ಹೌದು ಎನ್ನುವ ಒಂದು ಮುಖಕ್ಕಾಗಿ ಹುಡುಕುತ್ತಾಳೆ. ಯಾರೋ ಕೆಮ್ಮುತ್ತಾರೆ, ಮುಂದಿನ ವಿಷಯ ತೆಗೆದುಕೊಳ್ಳುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಭೆಗೆ ಅವಳ ಬದಲು ಗಂಡ ಬರುತ್ತಾನೆ, ಅಥವಾ ಅವಳನ್ನು ನಿಲ್ಲಿಸಿ ಗೆಲ್ಲಿಸಿದ ಧಣಿಯ ಕಡೆಯವನು ಬರುತ್ತಾನೆ. ಆಗ ನೀವು ಬೇಸರದಿಂದ ಹೇಳುತ್ತೀರಿ, ಮೀಸಲಾತಿ ಹೆಸರಿಗಷ್ಟೇ ಎಂದು. ಅವಳು ಸುತ್ತ ನೋಡಿದ ಆ ಗಳಿಗೆಯಲ್ಲಿ, ನಿಮ್ಮ ಮುಖ ಅಲ್ಲಿ ಕಂಡಿದ್ದರೆ!

ನಾವು ಯಾವ ಮಣ್ಣಿನವರೆಂದು ಒಮ್ಮೆ ನೆನೆಯಿರಿ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯಕ್ಕೆ ಎದೆಯೊಡ್ಡಿ ನಿಂತಾಗ, ಅವರನ್ನು ಸಂಘಟಿಸಿದ ಗಣಪತಿಯಪ್ಪನವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಸಮಾಜವಾದಿ ಪಕ್ಷದ ಹುಡುಗರು ಹಳ್ಳಿ ಹಳ್ಳಿ ಅಲೆದರು, ಜೈಲಿಗೆ ಹೋದರು, ಅವರ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಆ ಪಕ್ಷದ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು ಜನ ವಿಧಾನಸಭೆಗೆ ಕಳಿಸಿದರು. 'ಒಂದು ಓಟು, ಒಂದು ನೋಟು' ಎಂಬುದು ಅವರ ಚುನಾವಣೆಯ ಮಾತಾಗಿತ್ತು. ಅಂದರೆ ಮತದಾರನೇ ತನ್ನ ಗಂಟಿನಿಂದ ನೋಟು ಬಿಚ್ಚಿ ಅಭ್ಯರ್ಥಿಯ ಕೈಗಿಡುತ್ತಿದ್ದ. ಅದೇ ನೋಟು ಈಗ ಯಾವ ಕೈಯಿಂದ ಯಾವ ಕೈಗೆ ಹೋಗುತ್ತಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಕೂಗಿದರೆಂಬ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಮತ್ತು ನಮ್ಮ ಈ ಮೌನ ಎಷ್ಟು ದೂರ ಹೋಯಿತು ನೋಡಿ. ಆ ಜಗಲಿಯಲ್ಲಿ ಅಭ್ಯರ್ಥಿಯನ್ನು ಆರಿಸಿದ್ದ ತಾಲ್ಲೂಕು ಪಂಚಾಯಿತಿಯ ಅವಧಿ 2021ರಲ್ಲಿ ಮುಗಿಯಿತು. ಅವಧಿ ತೀರುವುದರೊಳಗೆ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಆದರೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಹಾಗೇ ಆಯಿತು. ಈ ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಮೌನ ಬದಲಾಗಲಿಲ್ಲ. ಪ್ರತಿ ಪಕ್ಷದ ತಾಲ್ಲೂಕು ಘಟಕದಲ್ಲಿ ನಿಮ್ಮಂಥ ಹತ್ತು ಜನ ಇದ್ದು, ಸಭೆ ಸಭೆಯಲ್ಲೂ ಎದ್ದು 'ಚುನಾವಣೆ ಯಾವಾಗ?' ಎಂದು ಕೇಳುತ್ತಿದ್ದರೆ, ಮೇಲಿನವರು ಇಷ್ಟು ವರ್ಷ ನಿಶ್ಚಿಂತೆಯಿಂದ ಇರಬಹುದಿತ್ತೇ?

ರಾಜಕೀಯ ಕೊಚ್ಚೆ ಎನ್ನುತ್ತೀರಿ. ಆ ಕೊಚ್ಚೆಯ ನೀರನ್ನೇ ಕುಡಿಯಬೇಕಾದವರಿದ್ದಾರಲ್ಲ, ಅವರ ಮುಖ ನೋಡಿ ಇನ್ನೊಮ್ಮೆ ಹೇಳಿ. ಸರ್ಕಾರಿ ನೌಕರಿಯಲ್ಲಿರುವವರು ಪಕ್ಷ ಸೇರುವಂತಿಲ್ಲ, ಒಪ್ಪುತ್ತೇನೆ. ಉಳಿದವರಿಗೆ ಏನು ಅಡ್ಡಿ? ಯಾವ ಪಕ್ಷವೆಂದು ನಾನು ಕೇಳುವುದಿಲ್ಲ. ನಿಮ್ಮ ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸಿಕೊಳ್ಳಿ, ಸದಸ್ಯರಾಗಿ, ಬೂತ್ ಸಮಿತಿಯ ಸಭೆಗೆ ಹೋಗಿ ಕೂರಿ. ಮೊದಮೊದಲು ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಬೇಸರವಾಗುತ್ತದೆ, ಅವಮಾನವೂ ಆಗುತ್ತದೆ. ಮರುದಿನ ನಿಮ್ಮ ಬಂಧುಗಳೇ 'ನಿಮಗ್ಯಾಕೆ ಬೇಕಿತ್ತು' ಎನ್ನುತ್ತಾರೆ. ಆದರೂ ಹೋಗಿ. ಹೆಸರು ಬಂದಾಗ 'ಇವರು ಆ ಕೇರಿಗೆ ಒಂದು ದಿನವಾದರೂ ಹೋಗಿದ್ದಾರಾ?' ಎಂದು ಕೇಳಿ. ನಿಮ್ಮ ಒಳ್ಳೆಯತನವನ್ನು ನಾನು ಬಲ್ಲೆ. ಪ್ರವಾಹ ಬಂದಾಗ ಅಕ್ಕಿ ಕಟ್ಟಿ ಕಳಿಸಿದವರು ನೀವು, ಅಪಘಾತವಾದ ಅಪರಿಚಿತನನ್ನು ನಿಮ್ಮ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವರು ನೀವು. ಅದೇ ಒಳ್ಳೆಯತನವನ್ನು ಆ ಜಗಲಿಗೂ ಕರೆದುಕೊಂಡು ಬನ್ನಿ ಎಂದಷ್ಟೇ ಕೈಮುಗಿದು ಕೇಳುತ್ತಿದ್ದೇನೆ.

ಮತ್ತೆ ಗ್ರಾಮಸಭೆ ಬರುತ್ತದೆ. ಆಟೋ ಮೇಲೆ ಮೈಕು ಕಟ್ಟಿ ಸಾರಿಕೊಂಡು ಹೋಗುತ್ತಾರೆ. ಆ ಮುದುಕಿಗೆ ಹೇಳಿಟ್ಟಿದ್ದೇನೆ, ಈ ಸಲ ಕೈಹಿಡಿದು ಕರೆತರುತ್ತೇನೆಂದು. ಅವಳು ಕೇಳಿದ್ದು ಒಂದೇ ಮಾತು: 'ಅಲ್ಲಿ ಮತ್ಯಾರ್ ಇರ್ತಾರೆ ಮೇಷ್ಟ್ರೇ?' ನಿಮ್ಮ ಹೆಸರು ಹೇಳಿ ಬಂದಿದ್ದೇನೆ.